ದುಬಾರೆಗೆ ಒಂದು ದಿನ: ಆನೆಗೆ ಸ್ನಾನ ಮಾಡಿಸಲು ಮಗಳನ್ನು ಕರೆದುಕೊಂಡು ಹೋಗಬಹುದಾ?

ಒಂಟಿಕೊಪ್ಪಲಿನವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು. ಮಗಳಿಗೆ ಏಳು ವರ್ಷ. ಅವಳ ಕ್ಲಾಸಿನ ಹುಡುಗಿಯೊಬ್ಬಳು ಕೊಡಗಿನ ದುಬಾರೆ ಆನೆ ಶಿಬಿರಕ್ಕೆ ಹೋಗಿ ಆನೆ ಬೆನ್ನು ಉಜ್ಜಿದ ಫೋಟೋ ತೋರಿಸಿದ್ದಾಳೆ. ಅವತ್ತಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಹೋಗೋಣ ಅಂದುಕೊಂಡಿದ್ದೇನೆ. ನಮ್ಮ ಅಮ್ಮನಿಗೆ 68, ಮಂಡಿನೋವು ಇದೆ, ಆದರೂ ಬರುತ್ತೇನೆ ಅಂತ ಹಟ ಹಿಡಿದಿದ್ದಾರೆ. ಅವರು ಚಿಕ್ಕವರಿದ್ದಾಗ ದಸರಾ ಆನೆಗಳು ಬೀದಿಯಲ್ಲಿ ಹೋಗುವಾಗ ಅವರ ಅಜ್ಜಿ ಕೈಗೆ ಬೆಲ್ಲದಚ್ಚು ಕೊಟ್ಟು ನಿಲ್ಲಿಸುತ್ತಿದ್ದರಂತೆ.

ಬೆಳಗ್ಗೆ ಹೊರಟು ಸಂಜೆ ವಾಪಸ್ ಬರಲು ಆಗುತ್ತದಾ? ಅಮ್ಮ ದೋಣಿ ಹತ್ತಬಹುದಾ? ಮಗುವನ್ನು ನೀರಿಗೆ ಇಳಿಸುವುದು ಸುರಕ್ಷಿತವಾ?

ಇನ್ನೊಂದು ಮಾತು, ಅದೇ ನನ್ನನ್ನು ಜಾಸ್ತಿ ಕಾಡುತ್ತಿರುವುದು. ಎರಡು ವರ್ಷದ ಹಿಂದೆ ಬೇರೆ ರಾಜ್ಯದಲ್ಲಿ ಒಂದು ಖಾಸಗಿ ಜಾಗಕ್ಕೆ ಹೋಗಿದ್ದೆವು. ಒಂದೇ ಆನೆಯ ಸುತ್ತ ನಲವತ್ತು ಜನ ನಿಂತಿದ್ದರು, ಎಲ್ಲರೂ ನೀರೆರಚುತ್ತಾ ಕಿರುಚುತ್ತಾ, ಒಬ್ಬರು ಇಳಿದರೆ ಇನ್ನೊಬ್ಬರು ಬೆನ್ನ ಮೇಲೆ ಹತ್ತುತ್ತಾ ಇದ್ದರು. ಆನೆ ಅಲ್ಲಾಡದೆ ಬಿದ್ದುಕೊಂಡಿತ್ತು. ನನಗೆ ಅದು ಸ್ನಾನ ಅನ್ನಿಸಲಿಲ್ಲ. ದುಡ್ಡು ಕಟ್ಟಿ ಆಗಿದ್ದರೂ ಮಗಳನ್ನು ಇಳಿಸದೆ ಕರೆದುಕೊಂಡು ಬಂದೆ. ದುಬಾರೆಯಲ್ಲೂ ಹಾಗೇನಾ? ಹೋಗಿ ಬಂದವರು ನಿಜ ಹೇಳಿ.

ಗುಡ್ಡೆಹೊಸೂರು ಕಡೆಯವನು:

ನಮ್ಮ ಊರು ದುಬಾರೆ ದಾರಿಯಲ್ಲೇ ಇದೆ, ಹಾಗಾಗಿ ಹೇಳುತ್ತೇನೆ. ಒಂದೇ ದಿನಕ್ಕೆ ಧಾರಾಳವಾಗಿ ಆಗುತ್ತದೆ, ಆದರೆ ಬೇಗ ಹೊರಡಬೇಕು. ಐದೂವರೆಗೆ ಮೈಸೂರು ಬಿಡಿ. ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿದರೆ ಕುಶಾಲನಗರ. ಅಲ್ಲಿ ನಿಲ್ಲದೆ ಮಡಿಕೇರಿ ರಸ್ತೆಯಲ್ಲೇ ಮುಂದೆ ಬನ್ನಿ. ಗುಡ್ಡೆಹೊಸೂರಿನಲ್ಲಿ ಎಡಕ್ಕೆ ತಿರುಗಿದರೆ ಸಿದ್ದಾಪುರದ ರಸ್ತೆ ಸಿಗುತ್ತದೆ. ನಂಜರಾಯಪಟ್ಟಣದ ಹತ್ತಿರ ಬೋರ್ಡ್ ನೋಡಿ ಕಾವೇರಿ ಹೊಳೆ ಕಡೆ ಇಳಿಯಿರಿ. ಕುಶಾಲನಗರದಿಂದ ಹದಿನೈದು ಕಿಲೋಮೀಟರ್ ಅಷ್ಟೇ.

ಆನೆ ಸ್ನಾನ ಇರುವುದು ಬೆಳಗಿನ ಹೊತ್ತು. ಹತ್ತೂವರೆ ಹನ್ನೊಂದಕ್ಕೆ ಬಂದವರಿಗೆ ಒದ್ದೆಯಾದ ಕಲ್ಲು ಮಾತ್ರ ಕಾಣುತ್ತದೆ. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಮುಗಿಸಿಕೊಂಡು ಹೋಗೋಣ ಅಂತ ಬಂದು ಬೇಜಾರು ಮಾಡಿಕೊಳ್ಳುವವರನ್ನು ವಾರವಾರ ನೋಡುತ್ತೇನೆ. ದೇವಸ್ಥಾನ, ಕಾವೇರಿ ನಿಸರ್ಗಧಾಮ ಎಲ್ಲ ವಾಪಸ್ ಬರುವಾಗ ಇಟ್ಟುಕೊಳ್ಳಿ. ಶನಿವಾರ ಭಾನುವಾರ ಬೇಡವೇ ಬೇಡ. ದೋಣಿ ಕ್ಯೂನಲ್ಲೇ ಒಂದು ಗಂಟೆ ಹೋಗುತ್ತದೆ.

ಶಿಬಿರ ಇರುವುದು ಹೊಳೆಯ ಆ ಕಡೆ. ದೋಣಿಯಲ್ಲಿ ಐದು ನಿಮಿಷವೂ ಬೇಡ. ಏಪ್ರಿಲ್‌ನಲ್ಲಿ ನೀರು ಇಳಿದು ಬಂಡೆಗಳು ಮೇಲೆ ಬಂದಿರುತ್ತವೆ, ಹುಡುಗರು ಕಲ್ಲಿಂದ ಕಲ್ಲಿಗೆ ನಡೆದೇ ದಾಟುತ್ತಾರೆ. ನಿಮ್ಮ ಅಮ್ಮನಿಗೆ ಅದು ಖಂಡಿತ ಬೇಡ, ಪಾಚಿ ಕಟ್ಟಿದ ಕಲ್ಲು ಸೋಪಿನ ಹಾಗೆ ಜಾರುತ್ತದೆ. ದೋಣಿ ಹತ್ತುವಾಗ ಇಬ್ಬರು ಕೈ ಹಿಡಿದರೆ ಸಾಕು. ಮಗಳಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ಮಳೆಗಾಲದಲ್ಲಾದರೆ ಹೊಳೆ ತುಂಬಿದಾಗ ದೋಣಿಯನ್ನೇ ನಿಲ್ಲಿಸುತ್ತಾರೆ. ಜೂನ್ ಆದ ಮೇಲೆ ಹೋಗುವವರು ಹಿಂದಿನ ದಿನ ವಿಚಾರಿಸಿಕೊಳ್ಳಬೇಕು.

ದಯವಿಟ್ಟು ಇದೊಂದು ಕೇಳಿ. ಆನೆ ಇರುವ ಜಾಗ ಬಿಟ್ಟು ಬೇರೆ ಎಲ್ಲೂ ನೀರಿಗೆ ಇಳಿಯಬೇಡಿ. ಮೇಲೆ ಮಂಡಿಯುದ್ದ ಕಾಣುವ ನೀರು ಎರಡು ಹೆಜ್ಜೆ ಮುಂದೆ ಆಳುದ್ದ ಇರುತ್ತದೆ. ಈ ಹೊಳೆಯಲ್ಲಿ ಹೋದ ಜೀವಗಳನ್ನು ನಾವು ಊರಿನವರು ನೋಡಿದ್ದೇವೆ.

ಕಾವಾಡಿ ಮನೆಯವನು:

ನಮ್ಮ ಸೋದರಮಾವ ಆನೆ ಶಿಬಿರದಲ್ಲಿ ಕಾವಾಡಿ ಆಗಿದ್ದವರು. ಮಾವುತನ ಜೊತೆಗಿರುವ ಎರಡನೆಯವನೇ ಕಾವಾಡಿ. ಮೇವು ತರುವುದು, ತೊಳೆಯುವುದು, ಹುಡುಕಿಕೊಂಡು ಬರುವುದು ಎಲ್ಲ ಅವನದೇ ಕೆಲಸ. ನಾನು ಚಿಕ್ಕವನಿದ್ದಾಗ ಶಾಲೆ ರಜೆಯೆಲ್ಲ ಅವರ ಹಿಂದೆ ಸುತ್ತುತ್ತಿದ್ದೆ. ನಿಮ್ಮ ಕೊನೆಯ ಪ್ರಶ್ನೆಗೆ ನನಗೆ ಗೊತ್ತಿರುವುದು ಹೇಳುತ್ತೇನೆ.

ಸ್ನಾನ ಅನ್ನುವುದು ಪ್ರವಾಸಿಗರಿಗೋಸ್ಕರ ಶುರುವಾದದ್ದಲ್ಲ. ರಾತ್ರಿ ಆನೆಯ ಕಾಲಿಗೆ ಉದ್ದ ಸರಪಳಿ ಕಟ್ಟಿ ಕಾಡಿಗೆ ಮೇಯಲು ಬಿಡುತ್ತಾರೆ. ಬೆಳಗ್ಗೆ ಆ ಸರಪಳಿ ನೆಲದಲ್ಲಿ ಎಳೆದ ಗೆರೆ ಹಿಡಿದುಕೊಂಡು ಹುಡುಕಬೇಕು. ಒಂದೊಂದು ದಿನ ಅರ್ಧ ಗಂಟೆಯಲ್ಲಿ ಸಿಗುತ್ತದೆ, ಒಂದೊಂದು ದಿನ ಬಿಸಿಲೇರುವವರೆಗೂ ನಡೆಯಬೇಕು. ಕರೆತಂದವರು ನೇರ ಹೊಳೆಗೆ ಇಳಿಸುತ್ತಾರೆ. ಯಾಕೆ ಅಂದರೆ ರಾತ್ರಿ ಏನಾಗಿದೆ ಅಂತ ನೋಡಬೇಕಲ್ವಾ? ಮಣ್ಣು ಮೆತ್ತಿಕೊಂಡ ಮೈಯಲ್ಲಿ ಗಾಯ ಕಾಣುವುದಿಲ್ಲ. ತೊಳೆಯುವಾಗಲೇ ಗೊತ್ತಾಗುವುದು, ಕಿವಿ ಹಿಂದೆ ಹರಿದಿದೆಯಾ, ಸರಪಳಿ ಉಜ್ಜಿ ಕಾಲು ಕೆಂಪಾಗಿದೆಯಾ, ಅಂಗಾಲಿನ ಬಿರುಕಿಗೆ ಮುಳ್ಳು ಹೊಕ್ಕಿದೆಯಾ ಅಂತ. ಮಾವ ಅಂಗಾಲನ್ನು ಬೆರಳಲ್ಲೇ ತಡವಿ ನೋಡುತ್ತಿದ್ದರು, ಕಣ್ಣು ಬೇರೆಲ್ಲೋ ಇರುತ್ತಿತ್ತು. ಮುಳ್ಳು ಸಿಕ್ಕಿದ ಕೂಡಲೇ ಅವರ ಕೈ ನಿಲ್ಲುತ್ತಿತ್ತು, ಆನೆಯ ಕಿವಿ ಬೀಸುವುದೂ ನಿಲ್ಲುತ್ತಿತ್ತು.

ನೀವು ಮೊದಲು ದಡದಲ್ಲಿ ಕೂತು ಒಂದು ಆನೆಯನ್ನು ಪೂರ್ತಿ ನೋಡಿ. ನೀರಿಗೆ ಬಂದದ್ದು ಮುಂಗಾಲು ಮಡಚಿ ನಿಧಾನಕ್ಕೆ ಒಂದು ಮಗ್ಗುಲಾಗಿ ಮಲಗುತ್ತದೆ. ತಲೆ ಮುಳುಗುತ್ತದೆ, ಸೊಂಡಿಲ ತುದಿ ಮಾತ್ರ ನೀರ ಮೇಲೆ ಇರುತ್ತದೆ. ಅಲ್ಲಿಂದ ಬುಸ್ ಅಂತ ಉಸಿರು ಬರುತ್ತದೆ. ತೆಂಗಿನ ಸಿಪ್ಪೆಯಿಂದ ಉಜ್ಜಿದ ಹಾಗೆ ಕಂದು ನೀರು ಇಳಿದು ಕಪ್ಪು ಚರ್ಮ ಕಾಣುತ್ತದೆ. ಒಂದು ಮಗ್ಗುಲು ಆದ ಮೇಲೆ ಮಾವುತ ಹೇಳಿದರೆ ಎದ್ದು ಇನ್ನೊಂದು ಮಗ್ಗುಲಿಗೆ ಮಲಗುತ್ತದೆ. ಇದೆಲ್ಲ ಆಗುವಾಗ ಮಾವುತನೂ ಆನೆಯೂ ಏನೂ ಅವಸರ ಮಾಡುವುದಿಲ್ಲ.

ಇದರ ಮಧ್ಯೆ ನಲವತ್ತು ಜನ ನುಗ್ಗಿದರೆ ಆ ಕೆಲಸವೇ ಕೆಡುತ್ತದೆ. ಗಾಯ ಯಾರಿಗೆ ಕಾಣಬೇಕು? ಹಾಗಾಗಿ ನನ್ನ ಮಾತು ಇಷ್ಟೇ. ಹೋಗಿ, ಆದರೆ ಮಾವುತ ಕರೆದರೆ ಮಾತ್ರ ಇಳಿಯಿರಿ. ಕರೆಯದಿದ್ದರೆ ಬೇಜಾರಾಗಬೇಡಿ. ಅವತ್ತು ಆ ಆನೆಗೆ ಏನೋ ಇದೆ ಅಂತ ಅರ್ಥ. ಮಗಳಿಗೆ ದಡದಲ್ಲೇ ಒಂದು ಕೆಲಸ ಕೊಡಿ, ಆನೆಯ ಉಗುರು ಎಣಿಸಲು ಹೇಳಿ. ಎಷ್ಟು ಅಂತ ನಾನು ಹೇಳುವುದಿಲ್ಲ.

ದನದ ಡಾಕ್ಟರು:

ಮೇಲಿನವರು ಹೇಳಿದ್ದು ಸರಿ. ಅದಕ್ಕೆ ನನ್ನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ನಾನು ಪಶುವೈದ್ಯ.

ಮನೆಯಲ್ಲಿ ಯಾರಿಗಾದರೂ ಕೆಮ್ಮು, ಜ್ವರ ಇದ್ದರೆ ಪ್ರವಾಸ ಮುಂದಕ್ಕೆ ಹಾಕಿ. ಕ್ಷಯ ಮನುಷ್ಯರಿಂದ ಆನೆಗೆ ಬರುತ್ತದೆ, ಆನೆಯಿಂದ ಮನುಷ್ಯರಿಗೂ ಬರುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ದಿನಾ ನೂರಾರು ಜನ ಮುಟ್ಟುವ ಆನೆಯ ಬಗ್ಗೆ ವೈದ್ಯರಿಗೆ ಚಿಂತೆ ಇರುವುದು ಇದಕ್ಕೇ. ಸೊಂಡಿಲ ತುದಿಗೆ ಮುಖ ಒಡ್ಡಿ ಫೋಟೋ ತೆಗೆಸಿಕೊಳ್ಳುವುದು ಎರಡೂ ಕಡೆಗೆ ಒಳ್ಳೆಯದಲ್ಲ.

ಮಗಳು ಇಳಿದರೆ ಮಾವುತ ತೋರಿಸಿದ ಜಾಗ ಮಾತ್ರ ಉಜ್ಜಲಿ, ಬೆನ್ನೋ ಪಕ್ಕೆಯೋ. ಕಣ್ಣು, ಬಾಲ, ಸೊಂಡಿಲು ಮುಟ್ಟುವುದು ಬೇಡ. ಹಿಂಬದಿಯಿಂದ ಹೋಗುವುದಂತೂ ಬೇಡವೇ ಬೇಡ. ಮನೆಯ ಸೋಪು, ಶಾಂಪೂ ತರಬೇಡಿ. ಬ್ಯಾಗಿನಲ್ಲಿ ಬಾಳೆಹಣ್ಣು ಇಟ್ಟುಕೊಂಡು ಹತ್ತಿರ ಹೋಗಬೇಡಿ, ಅದಕ್ಕೆ ಮೊದಲೇ ವಾಸನೆ ಹತ್ತಿರುತ್ತದೆ. ತಿನ್ನಿಸುವ ಆಸೆ ಇದ್ದರೆ ಮಾವುತನ ಕೈಗೆ ಕೊಡಿ. ಗಂಡಾನೆಯ ಕಣ್ಣಿಗೂ ಕಿವಿಗೂ ನಡುವೆ ಎಣ್ಣೆ ಇಳಿದ ಹಾಗೆ ಕಪ್ಪು ಗೆರೆ ಕಂಡರೆ ಅದು ಮದದ ಗುರುತು. ಅಂಥ ಆನೆಯನ್ನು ಶಿಬಿರದವರೇ ದೂರ ಕಟ್ಟಿರುತ್ತಾರೆ, ನೀವೂ ದೂರದಲ್ಲೇ ಇರಿ.

ಒಂದು ವಿಷಯ ಮಗಳಿಗೆ ಮುಂಚೆಯೇ ಹೇಳಿಡಿ. ಅಷ್ಟು ಹೊತ್ತು ತೊಳೆಸಿಕೊಂಡ ಆನೆ ದಡ ಹತ್ತಿದ ಕೂಡಲೇ ಮೈಮೇಲೆ ಮಣ್ಣೆರಚಿಕೊಳ್ಳುತ್ತದೆ. ಮಕ್ಕಳಿಗೆ ಬೇಸರವಾಗುತ್ತದೆ. ಆನೆಗೆ ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ, ಉಗುರಿನ ಸುತ್ತ ಸ್ವಲ್ಪ ಅಷ್ಟೇ. ಬಿಸಿಲಿಗೆ, ನೊಣಕ್ಕೆ ಆ ಮಣ್ಣೇ ಅದರ ಹೊದಿಕೆ.

ಬಯಲು ಬಾನು:

ನಾನು ಇದಕ್ಕೆ ಒಪ್ಪುವುದಿಲ್ಲ, ಕ್ಷಮಿಸಿ. ಕಾಡಿನ ಪ್ರಾಣಿಯನ್ನು ಹಿಡಿದು, ದಪ್ಪ ಮರದ ದಿಮ್ಮಿಗಳ ಬೋನಾದ ಕ್ರಾಲ್‌ನಲ್ಲಿ ಕೂಡಿ, ಪಳಗಿಸಿ, ಆಮೇಲೆ ಮಕ್ಕಳ ಕೈಗೆ ಬ್ರಷ್ ಕೊಡುವುದು ನನಗೆ ಸರಿ ಕಾಣುವುದಿಲ್ಲ. ದುಬಾರೆಯ ಆನೆ ಕುಶ ನೆನಪಿದೆಯಾ? ಮದದಲ್ಲಿದ್ದಾಗ ಕಾಡಿಗೆ ಹೋಗಿ ಕಾಡಾನೆಗಳ ಜೊತೆ ಸೇರಿಕೊಂಡಿದ್ದ. 2021ರಲ್ಲಿ ಮತ್ತೆ ಹಿಡಿದು ತಂದು ಕಟ್ಟಿದರು. ಜನ ದನಿ ಎತ್ತಿದ ಮೇಲೆ ಅದೇ ವರ್ಷ ರೇಡಿಯೋ ಕಾಲರ್ ಹಾಕಿ ಬಂಡೀಪುರದ ಕಾಡಿಗೆ ಬಿಟ್ಟರು. ಅವಕಾಶ ಸಿಕ್ಕಾಗ ಆನೆ ಯಾವ ಕಡೆ ಹೋಯಿತು ನೋಡಿ. ಮಗಳಿಗೆ ಆನೆ ತೋರಿಸಬೇಕಾದರೆ ನಾಗರಹೊಳೆಯಲ್ಲಿ ಸಫಾರಿಗೆ ಕರೆದುಕೊಂಡು ಹೋಗಿ. ದೂರದಿಂದ ಕಂಡರೂ ಅದು ಅದರ ಪಾಡಿಗೆ ಇರುವ ಆನೆ.

ಕಾವಾಡಿ ಮನೆಯವನು:

ನಿಮ್ಮ ಮಾತಿನಲ್ಲಿ ನೋವಿದೆ, ಅದು ನನಗೂ ಇದೆ. ಕ್ರಾಲ್ ಒಳಗಿನ ಆನೆಯ ಕೂಗು ಕೇಳಿದವನು ನಾನು. ಆದರೆ ಶಿಬಿರದ ಆನೆಗಳಲ್ಲಿ ಎಷ್ಟೋ ಕಾಫಿ ತೋಟ, ಗದ್ದೆಗಳ ಹತ್ತಿರ ಹಿಡಿದವು. ಅಲ್ಲಿ ಜನ ಸತ್ತ ಮೇಲೆ ಹಿಡಿದವೂ ಇವೆ. 2023ರ ಗಣತಿಯಲ್ಲಿ ನಮ್ಮ ರಾಜ್ಯದಲ್ಲಿ 6,395 ಆನೆಗಳು ಅಂತ ಅಂದಾಜಾಯಿತು, ದೇಶದಲ್ಲೇ ಜಾಸ್ತಿ. ಕೊಡಗು, ಹಾಸನದಲ್ಲಿ ಬೆಳಗ್ಗೆ ತೋಟಕ್ಕೆ ಹೋಗುವ ಕೂಲಿಯವರನ್ನು ಕೇಳಿ ನೋಡಿ. ಕಾಡಾನೆಯನ್ನು ಹಿಡಿಯಲು, ಓಡಿಸಲು ಹೋಗುವುದೂ ಈ ಶಿಬಿರದ ಆನೆಗಳೇ. ಎಂಟು ಸಲ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಯಸಳೂರು ಹತ್ತಿರ ಅಂಥ ಕೆಲಸದಲ್ಲೇ ಕಾಡಾನೆ ಜೊತೆ ಹೋರಾಡಿ ಸತ್ತ. ಅವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಹೊಸದಾಗಿ ಹಿಡಿಯುವುದು ಬೇಡ ಅಂದರೆ ನಾನೂ ನಿಮ್ಮ ಜೊತೆ ಇದ್ದೇನೆ. ಆದರೆ ಈಗಾಗಲೇ ಮೂವತ್ತು ವರ್ಷದಿಂದ ಮನುಷ್ಯನ ಜೊತೆ ಇರುವ ಆನೆಗೆ ನಾಳೆ ಬೆಳಗ್ಗೆಯೂ ಯಾರಾದರೂ ಮೈ ತೊಳೆಯಬೇಕು, ರಾಗಿಮುದ್ದೆ ಕೊಡಬೇಕು. ಅದನ್ನು ಗೌರವದಿಂದ ನೋಡಿ ಬರಲಿ ಅಂತ ಹೇಳಿದೆ.

ತುಂಗೆ ದಡ:

ಶಿವಮೊಗ್ಗ ಕಡೆಯವರಿಗೆ ಸಕ್ರೆಬೈಲು ಹತ್ತಿರ. ತೀರ್ಥಹಳ್ಳಿ ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರ್, ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲೇ ಸ್ನಾನ. ದೋಣಿ ದಾಟುವ ಕಷ್ಟ ಇಲ್ಲ. ಆದರೆ ಮೈಸೂರಿನಿಂದ ಒಂದು ದಿನಕ್ಕೆ ಅಷ್ಟು ದೂರ ಬೇಡ. ಇನ್ನು ದುಬಾರೆಗೆ ಆಗಸ್ಟ್‌ನಿಂದ ದಸರಾವರೆಗೆ ಹೋದರೆ ಹೆಸರು ಮಾಡಿದ ಆನೆಗಳು ಅಲ್ಲಿರುವುದಿಲ್ಲ, ಅವು ನಿಮ್ಮ ಊರಿಗೇ ಬಂದಿರುತ್ತವೆ. ಆಗ ಬೆಳಗ್ಗೆ ಅರಮನೆಯಿಂದ ಬನ್ನಿಮಂಟಪಕ್ಕೆ ತಾಲೀಮು ಹೋಗುತ್ತವಲ್ಲ, ಅಮ್ಮನನ್ನು ಆ ದಾರಿಯಲ್ಲಿ ಒಂದು ಕುರ್ಚಿ ಹಾಕಿ ಕೂರಿಸಿ.

ಒಂಟಿಕೊಪ್ಪಲಿನವಳು:

ಹೋಗಿ ಬಂದೆವು. ಹೇಳಿದ ಹಾಗೆ ಬುಧವಾರ, ಐದೂವರೆಗೆ ಹೊರಟೆವು. ಬೇಗ ಹೋದದ್ದರಿಂದ ದೋಣಿಯಲ್ಲಿ ಜಾಗ ಸಿಕ್ಕಿತು. ಅಮ್ಮನನ್ನು ದೋಣಿಯವರೇ ಕೈ ಹಿಡಿದು ಇಳಿಸಿಕೊಂಡರು.

ದಡದಲ್ಲಿ ಕೂತೆವು. ಮೊದಲ ಆನೆಯ ಹತ್ತಿರ ಆಗಲೇ ಹತ್ತು ಹದಿನೈದು ಜನ ಫೋನ್ ಹಿಡಿದು ನಿಂತಿದ್ದರು. ಸ್ವಲ್ಪ ಕೆಳಗೆ ವಯಸ್ಸಾದ ಒಂದು ಹೆಣ್ಣಾನೆ, ಅದರ ಜೊತೆ ಒಬ್ಬರೇ ಮಾವುತ. ನಾವು ಅಲ್ಲಿಗೆ ಹೋಗಿ ಕಲ್ಲಿನ ಮೇಲೆ ಕೂತೆವು. ಅದರ ಕಿವಿಯ ಅಂಚು ಹಳೆಯ ಬಟ್ಟೆಯ ಹಾಗೆ ತೆಳ್ಳಗಾಗಿ ಅಲ್ಲಲ್ಲಿ ಹರಿದಿತ್ತು, ಗುಲಾಬಿ ಬಣ್ಣದ ಚುಕ್ಕೆಗಳಿದ್ದವು. ಅವರು ಕಾಲು ತೊಳೆಯುವಾಗ ನಿಜವಾಗಿ ಬೆರಳಿನಿಂದ ತಡವಿ ತಡವಿ ನೋಡುತ್ತಿದ್ದರು. ನಿಮ್ಮ ಮಾವನ ವಿಷಯ ಓದದೇ ಹೋಗಿದ್ದರೆ ನಾನು ಅದನ್ನು ಗಮನಿಸುತ್ತಲೇ ಇರಲಿಲ್ಲ.

ಅವರು ನಮ್ಮನ್ನು ಕರೆಯಲಿಲ್ಲ. ಎಡ ಹಿಂಗಾಲಿನಲ್ಲಿ ಗಾಯ ಇದೆ, ಮುಟ್ಟಿದರೆ ಸಿಡುಕುತ್ತದೆ, ಇವತ್ತು ಬೇಡ ಪುಟ್ಟಿ ಅಂದರು. ಮಗಳ ಕಣ್ಣು ತುಂಬಿತು. ಅಮ್ಮ ಬ್ಯಾಗಿನಿಂದ ಕಾಗದದಲ್ಲಿ ಸುತ್ತಿದ ಬೆಲ್ಲದಚ್ಚು ತೆಗೆದರು, ತಂದದ್ದು ನನಗೂ ಗೊತ್ತಿರಲಿಲ್ಲ. ಕೊಡಬಹುದಾ ಅಂತ ಕೇಳಿದರು. ಮಾವುತ ಇಸಿದುಕೊಂಡು, ಆಮೇಲೆ ಮುದ್ದೆ ಜೊತೆ ಇಡುತ್ತೇನೆ ಅಮ್ಮಾ ಅಂತ ಸೊಂಟದ ಬಟ್ಟೆಗೆ ಕಟ್ಟಿಕೊಂಡರು.

ಆಗ ಮಗಳಿಗೆ ಉಗುರಿನ ವಿಷಯ ನೆನಪಾಯಿತು. ಮಲಗಿದ್ದ ಮಗ್ಗುಲಲ್ಲಿ ಮುಂಗಾಲಿಗೆ ಐದು, ಹಿಂಗಾಲಿಗೆ ನಾಲ್ಕು ಅಂತ ಜೋರಾಗಿ ಎಣಿಸಿದಳು. ಆ ಕಡೆಯದು ನೀರಿನ ಕೆಳಗಿತ್ತು. ಬೇರೆಯವರೆಲ್ಲ ದೋಣಿ ಕಡೆ ಹೊರಟರೂ ಅವಳು ಏಳಲಿಲ್ಲ. ಮಾವುತನಿಗೆ ಅದು ಗೊತ್ತಾಯಿತೇನೋ, ಅವಳ ಕಡೆ ಒಂದು ಸಲ ನೋಡಿ, ಆನೆಗೆ ಮೆಲ್ಲಗೆ ಏನೋ ಹೇಳಿದರು. ಅದು ಎದ್ದು ನಿಂತು, ಮೈಯಿಂದ ನೀರು ಸುರಿಸುತ್ತಾ ತಿರುಗಿ, ಇನ್ನೊಂದು ಮಗ್ಗುಲಿಗೆ ಮಲಗಿತು.