ಕಿಲ್ಟ್ ಮಧ್ಯಾಹ್ನಕ್ಕೆಲ್ಲ ಹಿಂದೆ ಜಗ್ಗುತ್ತೆ, ಎಡಗಡೆ ಒಳಪದರ ಇಣುಕುತ್ತೆ – ಏನು ಮಾಡೋದು?

ಲೀತ್‌ವಾಸಿ:
ಎಲ್ಲರಿಗೂ ನಮಸ್ಕಾರ. ಎಡಿನ್‌ಬರೋಗೆ ಬಂದು ಮೂರು ವರ್ಷ ಆಯ್ತು. ಆಫೀಸಿನ ಗೆಳೆಯನ ಮದುವೆಗೆ ಬಾಡಿಗೆ ಕಿಲ್ಟ್ (ಇಲ್ಲಿನ ಗಂಡಸರು ಉಡೋ ಮೊಣಕಾಲುದ್ದದ ಲಂಗ, ಹಿಂದೆ ನೆರಿಗೆ, ಮುಂದೆ ಒಂದರ ಮೇಲೊಂದು ಎರಡು ಪದರ) ಹಾಕಿದ್ದೇ ತಗೊಳ್ಳಿ, ರುಚಿ ಹತ್ತಿಬಿಡ್ತು. ಪಂಚೆ ಉಟ್ಟು ಬೆಳೆದವನಿಗೆ ಪ್ಯಾಂಟಿಗಿಂತ ಇದೇ ಹಿತ. ದಿನಾ ಹಾಕೋಕೆ ಅಂತ ಆನ್‌ಲೈನಲ್ಲಿ ಪಾಲಿವಿಸ್ಕೋಸ್‌ದು (ಪಾಲಿಯೆಸ್ಟರ್, ವಿಸ್ಕೋಸ್ ಬೆರೆತ ಬಟ್ಟೆ) ಒಂದು ತರಿಸಿದೆ. ಬ್ಲ್ಯಾಕ್ ವಾಚ್ ಅನ್ನೋ ಟಾರ್ಟನ್ (ಚೌಕಳಿ ವಿನ್ಯಾಸ), ಸೈಜ್ 34, ನನ್ನ ಜೀನ್ಸಿನ ಸೈಜೇ. ಮೇಲೆ ಟೀ ಶರ್ಟು ಇಲ್ಲಾ ಸ್ವೆಟರು, ಕಾಲಿಗೆ ಬೂಟು, ಕಾಲುಚೀಲ ಸುಮ್ಮನೆ ಇಳಿಬಿಟ್ಟಿರ್ತೀನಿ.

ಬೆಳಿಗ್ಗೆ ಚೆನ್ನಾಗೇ ಇರುತ್ತೆ. ಮಧ್ಯಾಹ್ನದ ಹೊತ್ತಿಗೆ ಹಿಂಭಾಗ ಜಗ್ಗಿ ಮೊಣಕಾಲಿನ ಕೆಳಗೆ ಬಂದಿರುತ್ತೆ. ಎಡಗಡೆ ಒಳಪದರದ ಮೂಲೆ ಎರಡು ಬೆರಳು ಕೆಳಗೆ ಇಣುಕುತ್ತೆ. ಹಿಂದಿನ ನೆರಿಗೆ ಕೊಡೆ ಬಿಚ್ಚಿದ ಹಾಗೆ ಅಗಲ ಆಗುತ್ತೆ. ಬೆಲ್ಟನ್ನ ಉಸಿರು ಕಟ್ಟೋ ಹಾಗೆ ಬಿಗಿದರೂ ಅಷ್ಟೇ.

ಇದರ ಮೇಲೆ ಇನ್ನೊಂದು ಎಡವಟ್ಟು. ವೇವರ್ಲಿ ರೈಲು ನಿಲ್ದಾಣದ ಮೆಟ್ಟಿಲ ಗಾಳಿಗೆ ಹೆದರಿ ಕಿಲ್ಟ್ ಪಿನ್ನನ್ನ ಎರಡೂ ಪದರಕ್ಕೆ ಸೇರಿಸಿ ಚುಚ್ಚಿದ್ದೆ. ಬಸ್ಸಲ್ಲಿ ಕೂತೆ, ಪರ್ ಅಂತ ಸದ್ದು. ಒಂದಿಂಚು ಹರಿದಿದೆ.

ಪಂಚೆಪಟಾಲಂ:
ಗುರು, ಎತ್ತಿ ಕಟ್ಟಿಬಿಡು, ನಮ್ಮೂರಲ್ಲಿ ಗದ್ದೆಗಿಳಿಯೋವಾಗ ಮಾಡಲ್ವಾ 😄

ಅಬರ್ಡೀನ್ ರಾಯರು:
ನಗಬೇಡಪ್ಪ, ಪಾಪ ಆತ ಬಟ್ಟೆ ಹರ್ಕೊಂಡು ಕೂತಿದಾನೆ.

ಲೀತ್‌ವಾಸಿಗಳೇ, ಪಿನ್ನು ಮೇಲಿನ ಪದರಕ್ಕೆ ಮಾತ್ರ. ಬಲಗಡೆ ಕೆಳಮೂಲೆಯಲ್ಲಿ ಭಾರಕ್ಕೂ ಅಂದಕ್ಕೂ ಇರೋದು, ಬೀಗ ಅಲ್ಲ. ಕೂರುವಾಗ ಎರಡು ಪದರ ಒಂದರ ಮೇಲೊಂದು ಸರಿಯಲೇಬೇಕು, ಕಟ್ಟಿಹಾಕಿದರೆ ಹರಿಯದೆ ಇನ್ನೇನಾಗುತ್ತೆ?

ಉಳಿದದ್ದಕ್ಕೆ ಕಾರಣ ಬಟ್ಟೆಯೇ ಅಂತ ನನ್ನ ಅನುಮಾನ. ಪಾಲಿವಿಸ್ಕೋಸ್ ಹಗುರ. ನನ್ನದು 16 ಔನ್ಸಿನ ಉಣ್ಣೆ, ಎಂಟು ಗಜದ್ದು. ಎಂಟು ಗಜ ಅಂದರೆ ನಮ್ಮ ಲೆಕ್ಕದಲ್ಲಿ ಹದಿನಾರು ಮೊಳ. ಅಜ್ಜಿ ಉಡುತ್ತಿದ್ದ ಹದಿನೆಂಟು ಮೊಳದ ಸೀರೆಗೆ ಎರಡೇ ಮೊಳ ಕಮ್ಮಿ. ಮುಂದಿನ ಎರಡು ಪದರ ಬಿಟ್ಟು ಉಳಿದದ್ದೆಲ್ಲ ನೆರಿಗೆಯಾಗಿ ಬೆನ್ನ ಹಿಂದೆ ಕೂರುತ್ತೆ. ನೇಯ್ದಾಗ ಬಟ್ಟೆಯ ಪನ್ನ ಕಿಲ್ಟಿಗೆ ಬೇಕಾದ್ದರ ಎರಡರಷ್ಟು ಇರುತ್ತೆ, ನಾಲ್ಕು ಗಜ ತಗೊಂಡು ಉದ್ದಕ್ಕೆ ಸೀಳಿ ಎಂಟು ಮಾಡ್ತಾರೆ. ಸೀಳೋ ಮುಂಚಿನ ಗಜಕ್ಕೆ 16 ಔನ್ಸಿನಂತೆ ನಾಲ್ಕು ಗಜಕ್ಕೆ ಒಟ್ಟು 64 ಔನ್ಸು, 1.8 ಕೆಜಿ. ಯಾವ ಗಾಳಿಗೂ ಅಲ್ಲಾಡಲ್ಲ. ನೂರಾರು ಪೌಂಡು ಆಗುತ್ತೆ ನಿಜ, ಆದರೆ ಮಗನ ಕಾಲಕ್ಕೂ ಬರುತ್ತೆ.

ಸೂಜಿದಾರ:
ರಾಯರೇ, ಭಾರ ಜಾಸ್ತಿ ಆದ್ರೆ ಜಗ್ಗೋದೂ ಜಾಸ್ತಿ ಆಗಲ್ವಾ? ಗಾಳಿಗೆ ನೀವು ಹೇಳಿದ್ದು ಸರಿ, ಜಾರೋದಕ್ಕೆ ಅಲ್ಲ. ನಾನು ಡಂಡೀಲಿ ಆಲ್ಟರೇಶನ್ ಕೆಲಸ ಮಾಡ್ತೀನಿ, ಮದುವೆ ಸೀಸನ್ನಲ್ಲಿ ಇವೇ ಬರ್ತವೆ.

ಲೀತ್‌ವಾಸಿ, ದುಡ್ಡು ಖರ್ಚು ಮಾಡೋ ಮುಂಚೆ ನಂಗೆ ಮೂರು ವಿಷಯ ಹೇಳಿ. ಎಷ್ಟು ಬಕಲ್ ಹಾಕ್ತೀರ? ಕಿಲ್ಟಿನ ಮೇಲಂಚು ಹೊಕ್ಕುಳಿಗೆ ಮೇಲಾ ಕೆಳಗಾ? ಹೊಕ್ಕುಳ ನೇರಕ್ಕೆ ಟೇಪ್ ಹಿಡಿದ್ರೆ ಎಷ್ಟಿಂಚು? ಹೊಟ್ಟೆ ಒಳಗೆ ಎಳ್ಕೋಬೇಡಿ.

ಲೀತ್‌ವಾಸಿ:
ಅಕ್ಕ, ಬಲಗಡೆ ಎರಡು ಬಕಲ್ ಹಾಕ್ತೀನಿ. ಎಡಗಡೆ ಒಂದಿದೆ, ಅದು ಅಂದಕ್ಕೆ ಇಟ್ಟಿರೋದು ಅನ್ಕೊಂಡಿದ್ದೆ. ಒಳಪದರದ ತುದೀಲಿ ಒಂದು ಪಟ್ಟಿ ಜೋತಾಡುತ್ತೆ, ಅದನ್ನ ಒಳಗೆ ಮಡಚಿ ಸಿಕ್ಕಿಸ್ತೀನಿ. ಹೊಕ್ಕುಳಿಗಿಂತ ನಾಲ್ಕು ಬೆರಳು ಕೆಳಗೆ ಕಟ್ಟೋದು, ಪಂಚೆ ಥರಾನೇ. ಅಳತೆ 36ವರೆ ಬಂತು. ಟೇಪ್ ಸರಿ ಇಲ್ಲ ಅನ್ಸುತ್ತೆ.

ಸೂಜಿದಾರ:
ಟೇಪ್ ಸರಿಯಾಗೇ ಇದೆ 🙂

ಸಿಕ್ತು ನೋಡಿ. ಎಡಗಡೆ ಬಕಲ್ ಹತ್ತಿರ, ಸೊಂಟಪಟ್ಟಿ ಕೆಳಗೆ ಉದ್ದಕ್ಕೆ ಒಂದು ಸೀಳು ಇರುತ್ತೆ, ಗುಂಡಿಮನೆ ಥರ. ಜೋತಾಡೋ ಪಟ್ಟೀನ ಒಳಗಿಂದ ಅದರಲ್ಲಿ ತೂರಿಸಿ ಹೊರಗೆ ತೆಗೆದು ಆ ಬಕಲ್‌ಗೆ ಹಾಕಬೇಕು. ನೀವು ಅದನ್ನ ಬಿಟ್ಟಿರೋದ್ರಿಂದ ಒಳಪದರಕ್ಕೆ ಹಿಡಿತಾನೇ ಇಲ್ಲ. ಅರ್ಧ ಕಿಲ್ಟು ನೇತಾಡ್ತಾ ಇದೆ, ಅದಕ್ಕೇ ಮೂಲೆ ಇಣುಕೋದು.

ಹಾಕೋ ಕ್ರಮ: ನೆರಿಗೆ ಬೆನ್ನ ಹಿಂದೆ ಬರೋ ಹಾಗೆ ಹಿಡ್ಕೊಳ್ಳಿ. ಬಲಗೈಲಿರೋದನ್ನ ಮೊದಲು ಎಡಕ್ಕೆ ತಂದು, ಸೀಳಲ್ಲಿ ತೂರಿಸಿ ಬಕಲ್ ಹಾಕಿ. ಆಮೇಲೆ ಎಡಗೈಲಿರೋದು ಅದರ ಮೇಲೆ ಬಲಕ್ಕೆ. ಕುಚ್ಚಿನ ಅಂಚು ನಿಮ್ಮ ಬಲತೊಡೆ ಮೇಲೆ ಬರಬೇಕು.

ಎರಡನೇದು ಎತ್ತರ. ಪಂಚೆ ಅಭ್ಯಾಸ ಕೈಕೊಡೋದೇ ಇಲ್ಲಿ. ಪಂಚೆ ನೇರ ಬಟ್ಟೆ, ಎಲ್ಲಿ ಸಿಕ್ಕಿಸಿದ್ರೂ ನಿಲ್ಲುತ್ತೆ. ಕಿಲ್ಟು ಕತ್ತರಿಸಿ ಆಕಾರ ಕೊಟ್ಟು ಹೊಲಿದಿರೋದು. ಸೊಂಟದಿಂದ ಹಿಂಭಾಗದ ಅತಿ ಅಗಲದ ಜಾಗದವರೆಗೆ ನೆರಿಗೆಗಳನ್ನ ಹೊಲಿದುಬಿಟ್ಟಿರ್ತಾರೆ, ಮೇಲೆ ಹೋದಷ್ಟೂ ಕಿರಿದು. ನೀವು ನಾಲ್ಕು ಬೆರಳು ಇಳಿಸಿದ್ರೆ ಆ ಕಿರಿದಾದ ಭಾಗ ಅಗಲದ ಜಾಗಕ್ಕೆ ಬಂದು ಬಿಗಿಯುತ್ತೆ, ಅದರ ಕೆಳಗಿನ ನೆರಿಗೆ ಬಾಯಿ ಬಿಡುತ್ತೆ. ಹೊಕ್ಕುಳ ಮಟ್ಟಕ್ಕೆ ಎತ್ತಿ. ಅಂಚು ಮಂಡಿಚಿಪ್ಪಿನ ಮಧ್ಯಕ್ಕೆ ಬರಬೇಕು. ಮಂಡಿಯೂರಿ ನಿಂತ್ರೆ ನೆಲದಿಂದ ಒಂದಿಂಚು ಮೇಲಿದ್ರೆ ಸರಿ.

ಬೆಲ್ಟನ್ನ ಮರೆತುಬಿಡಿ. ಕಿಲ್ಟನ್ನ ಹಿಡಿಯೋದು ಬಕಲ್ ಪಟ್ಟಿಗಳು, ಬೆಲ್ಟ್ ಬರೀ ಶೋಕಿಗೆ.

ಪಂಚೆಪಟಾಲಂ:
ಅಂದ್ರೆ ಎತ್ತಿ ಕಟ್ಟು ಅಂದ ನನ್ನ ಸಲಹೆಯೇ ಗೆದ್ದಿತು!

ಲೀತ್‌ವಾಸಿ:
ಸೀಳು ಸಿಕ್ತು ಅಕ್ಕ!! ಏಳು ತಿಂಗಳಿಂದ ಕಣ್ಣಿಗೇ ಬಿದ್ದಿರಲಿಲ್ಲ. ಮೂಲೆ ಇಣುಕೋದು ನಿಂತೇಹೋಯ್ತು. ಆದರೆ ಹೊಕ್ಕುಳ ಮಟ್ಟಕ್ಕೆ ಎತ್ತಿದರೆ ಪಟ್ಟಿ ಕೊನೇ ತೂತಿಗೂ ಎಟುಕ್ತಿಲ್ಲ. ವಾಪಸ್ ಕಳಿಸೋ ಗಡುವು ಎಂದೋ ಮುಗಿದಿದೆ.

ಅಬರ್ಡೀನ್ ರಾಯರು:
ಸೂಜಿದಾರ ಅವರು ಹೇಳಿದ್ದೇ ಸರಿ, ನಾನು ಬಟ್ಟೆಯ ಮೇಲೆ ಗೂಬೆ ಕೂರಿಸಿದೆ. ಜೀನ್ಸ್ ಸೈಜಿಗೆ ಕಿಲ್ಟ್ ತರಿಸೋದು ಹೊಸಬರೆಲ್ಲ ಮಾಡೋ ತಪ್ಪು. ಜೀನ್ಸ್ ಕೂರೋ ಜಾಗವೇ ಬೇರೆ, ಇದು ಕೂರೋ ಜಾಗವೇ ಬೇರೆ.

ಸೂಜಿದಾರ:
ಎರಡಿಂಚಿನವರೆಗೆ ಬಕಲ್ ಸರಿಸಿ ಸುಧಾರಿಸಬಹುದು. ಕೊನೇ ತೂತು ಸಿಕ್ಕಿದ್ರೆ ನಿಮಗೆ ಸಾಕಾಗುತ್ತೆ. ಬಲಗಡೆ ಎರಡನ್ನೂ ಒಂದಿಂಚು ಮುಂದಕ್ಕೆ ತನ್ನಿ, ಎಡಗಡೇದು ಒಂದಿಂಚು ಮುಂದಕ್ಕೆ. ಒಂದೇ ಕಡೆ ಸರಿಸಿದ್ರೆ ಮುಂಭಾಗದ ಪದರ ಓರೆಯಾಗಿ ಕೂರುತ್ತೆ. ದಪ್ಪ ದಾರ ತಗೊಳ್ಳಿ, ಸೂಜಿ ಒಳಗಿನ ಕ್ಯಾನ್ವಾಸ್‌ಗೆ ಸಿಗಲೇಬೇಕು. ಮೇಲಿನ ಬಟ್ಟೆಗೆ ಮಾತ್ರ ಹೊಲಿದ್ರೆ ಇನ್ನೊಂದು ಪರ್.

ಹರಿದ ಜಾಗ ಯಾವ ಪದರದ್ದು? ಒಳಗಿಂದಾದ್ರೆ ಅದೇ ಬಣ್ಣದ ಚೂರು ಕೊಟ್ಟು ಸಣ್ಣಗೆ ಹೊಲಿದುಬಿಡಿ, ಯಾರಿಗೂ ಕಾಣಲ್ಲ.

ಪಾಲಿವಿಸ್ಕೋಸ್ ಆದ್ದರಿಂದ 30 ಡಿಗ್ರಿಯಲ್ಲಿ ಮಶೀನಿಗೆ ಹಾಕಬಹುದು, ಆದರೆ ಲೇಬಲ್ ನೋಡಿ. ಹಾಕೋ ಮುಂಚೆ ನೆರಿಗೆಗಳ ಕೆಳಅಂಚಿಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಇಸ್ತ್ರಿ ಆದಮೇಲೆ ಬಿಚ್ಚಿ. ಸೋಮಾರಿತನ ಮಾಡಿದ್ರೆ ಇಡೀ ಭಾನುವಾರ ಇಸ್ತ್ರಿ ಪೆಟ್ಟಿಗೆ ಜೊತೇನೇ.

ಲೀತ್‌ವಾಸಿ:
ಒಳಪದರದ್ದೇ ಅಕ್ಕ, ಬಚಾವ್. ಇನ್ನೆರಡು ಸಣ್ಣ ಅನುಮಾನ. ಕೂರುವಾಗ ಏನು ಮಾಡಬೇಕು? ಮತ್ತೆ ಪಬ್ಬಲ್ಲಿ ಒಬ್ಬ 'ನಿಂದು ಯಾವ ಕ್ಲಾನ್' ಅಂತ ಕೇಳಿದ, ತಬ್ಬಿಬ್ಬಾದೆ.

ಅಬರ್ಡೀನ್ ರಾಯರು:
ಕ್ಲಾನ್ ಅಂದರೆ ಮನೆತನ, ಸಾಮಾನ್ಯವಾಗಿ ಅವಕ್ಕೆ ತಮ್ಮದೇ ಟಾರ್ಟನ್ ಇರುತ್ತೆ. ಬ್ಲ್ಯಾಕ್ ವಾಚ್ ಯಾವುದೋ ಒಂದು ಮನೆತನಕ್ಕಷ್ಟೇ ಸೇರಿದ್ದಲ್ಲ, ಸೈನ್ಯದ ತುಕಡಿಯದು. ಸರ್ಕಾರಿ ಟಾರ್ಟನ್ ಅಂತಲೇ ಅದಕ್ಕೆ ಹೆಸರು. 1746ರ ಕಾಯ್ದೆ ಹೈಲ್ಯಾಂಡಿನ, ಅಂದರೆ ಸ್ಕಾಟ್ಲೆಂಡಿನ ಗುಡ್ಡಗಾಡಿನ, ಉಡುಪನ್ನು ನಿಷೇಧಿಸಿದಾಗಲೂ ಸೈನಿಕರಿಗೆ ವಿನಾಯಿತಿ ಇತ್ತು. ಜನಸಾಮಾನ್ಯರಿಗೆ 1782ರವರೆಗೆ ಕಾಯಬೇಕಾಯ್ತು. ಯಾರು ಬೇಕಾದರೂ ಹಾಕಬಹುದು. ಹಾಗೆ ಹೇಳಿ, ಆತನೇ ಒಂದು ಪೈಂಟ್ ಬಿಯರ್ ಕೊಡಿಸ್ತಾನೆ.

ಕೂರುವಾಗ ಎರಡೂ ಅಂಗೈಯಿಂದ ಹಿಂದಿನ ನೆರಿಗೆಯನ್ನ ಕೆಳಕ್ಕೆ ನೇವರಿಸ್ತಾ ಕೂತ್ಕೊಳ್ಳಿ, ಮುಂಭಾಗವನ್ನ ಮೊಣಕಾಲ ನಡುವೆ ಇಳಿಬಿಡಿ. ಸ್ಪೋರನ್ (ಮುಂದೆ ಸೊಂಟದಿಂದ ಇಳಿಬಿಡೋ ಚೀಲ) ಇದ್ದರೆ ಅದರ ಭಾರಕ್ಕೇ ನಿಲ್ಲುತ್ತೆ. ದಿನಬಳಕೆಗೆ ಸಾದಾ ಚರ್ಮದ್ದು ಸಾಕು, ಜೇಬಿಲ್ಲದ ಬಟ್ಟೆಗೆ ಫೋನು ಬೀಗದಕೈ ಇಡೋಕೂ ಆಯ್ತು. ಸರಪಳಿ ಬೇಡ, ನೆರಿಗೆಯನ್ನ ಉಜ್ಜಿ ಸವೆಸುತ್ತೆ; ಚರ್ಮದ ಪಟ್ಟಿ ಹಾಕಿ. ಕಾರು ಓಡಿಸುವಾಗ ಪಕ್ಕಕ್ಕೆ ತಿರುಗಿಸಿಕೊಳ್ಳಿ. ಒಳಗೆ ಚಡ್ಡಿ ಹಾಕಿ ಮಾರಾಯರೇ, ಶೌರ್ಯ ಪ್ರದರ್ಶನ ವೇವರ್ಲಿ ಮೆಟ್ಟಿಲ ಮೇಲೆ ಬೇಡ. ಬೇಸಿಗೆಯಲ್ಲಿ ಹೈಲ್ಯಾಂಡಿಗೆ ಹೋದರೆ ಕಾಲುಚೀಲ ಮೇಲೆಳೆಯಿರಿ, ಮಿಜ್ ನೊಣಗಳು ಬರಿಗಾಲನ್ನೇ ಹುಡುಕಿಕೊಂಡು ಬರುತ್ತವೆ.

ಲೀತ್‌ವಾಸಿ:
ಹತ್ತು ದಿನ ಆದಮೇಲೆ ಬರೀತಿದೀನಿ. ಬಕಲ್ ಮೂರೂ ಸರಿಸಿದೆ, ಎರಡು ಸೂಜಿ ಮುರೀತು. ಮೊನ್ನೆ ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಹಾಕಿದ್ದೆ, ಹಿಂದೆ ಮುಂದೆ ಒಂದೇ ಮಟ್ಟ. ನೆರಿಗೆ ಕೆಡಲಿಲ್ಲ. ವೇವರ್ಲಿ ಮೆಟ್ಟಿಲಲ್ಲಿ ಮಾತ್ರ ಒಂದು ಕೈ ಹಿಂದೆ ಇಟ್ಕೊಂಡೇ ಹತ್ತಿದೆ.

ಶನಿವಾರ ಗೆಳೆಯರ ಮನೇಲಿ ಸತ್ಯನಾರಾಯಣ ಪೂಜೆ ಇದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಹುದಾ ಇದ್ರಲ್ಲಿ?

ಸೂಜಿದಾರ:
ಆವತ್ತು ಪಂಚೆ ಉಟ್ಕೊಳ್ಳಪ್ಪ.