ಸಹಾಯ ಬೇಕು: ರೋಗಲಕ್ಷಣ ಕೇಳಿ ದಾರಿ ತೋರಿಸುವ ಕನ್ನಡ ಆ್ಯಪ್‌ಗೆ

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದಲ್ಲಿ ನಾವು ಮೂವರು ಸೇರಿ ಒಂದು ಮೊಬೈಲ್ ಆ್ಯಪ್ ಮಾಡ್ತಿದ್ದೀವಿ. ಕಾಯಿಲೆ ಹೆಸರು ಹೇಳೋದು ನಮ್ಮ ಉದ್ದೇಶ ಅಲ್ಲ, ಅದು ಡಾಕ್ಟರ್ ಕೆಲಸ. ಈಗಲೇ 108ಕ್ಕೆ ಫೋನ್ ಮಾಡಬೇಕಾ, ಇವತ್ತೇ ಆಸ್ಪತ್ರೆಗೆ ಹೋಗಬೇಕಾ, ಮನೆಯಲ್ಲೇ ನೋಡಿಕೊಂಡ್ರೆ ಸಾಕಾ, ಇಷ್ಟು ತಿಳಿಸಬೇಕು.

ಒಂದು ಪರದೆಗೆ ಒಂದೇ ಪ್ರಶ್ನೆ, ದೊಡ್ಡ ಅಕ್ಷರ, ಒತ್ತಿದರೆ ಓದಿ ಹೇಳುವ ಧ್ವನಿ. ನೆಟ್‌ವರ್ಕ್ ಇಲ್ಲದಿದ್ದರೂ ನಡೀಬೇಕು. ಇದೆಲ್ಲ ಹೇಗೋ ಆಗ್ತಿದೆ.

ಕಷ್ಟ ಇರೋದು ಪ್ರಶ್ನೆಗಳ ಕ್ರಮದಲ್ಲಿ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೇ ಅಪಾಯ ಶುರುವಾಗಬಹುದು: ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಲ್ಲಿ ರಕ್ತ. 'ಈಗ ಜ್ವರ ಇದೆಯಾ' ಅಂತ ಕೇಳಿ, 'ಇಲ್ಲ' ಅಂದವರನ್ನ ಅಲ್ಲಿಗೇ ಬಿಟ್ಟುಬಿಡುವ ಆ್ಯಪ್ ಜೀವಕ್ಕೇ ಕುತ್ತು. ಕಳೆದ ಒಂದು ವಾರದಲ್ಲಿ ಜ್ವರ ಬಂದಿತ್ತಾ ಅಂತ ಕೇಳಲೇಬೇಕು. ಹೃದಯಾಘಾತವೂ ಹಾಗೇ. ಸಕ್ಕರೆ ಕಾಯಿಲೆ ಇರೋರಿಗೆ ಎದೆನೋವೇ ಇಲ್ಲದೆ ಬರೀ ಬೆವರು, ಉಸಿರುಕಟ್ಟು, ವಾಕರಿಕೆ ಇರಬಹುದು.

ಹಾಗಾಗಿ ಈ ಪ್ರಶ್ನೆಗಳನ್ನು ಕೂತು ತಿದ್ದಿಕೊಡುವ ಡಾಕ್ಟರ್ ಅಥವಾ ಅನುಭವಿ ನರ್ಸ್ ಬೇಕು. ಇವರು ಸಿಗದೆ ನಾವು ಆ್ಯಪ್ ಬಿಡುಗಡೆ ಮಾಡಲ್ಲ. ಬಾಗೇಪಲ್ಲಿ ಕಡೆ ಮನೆಮಾತು ತೆಲುಗು ಇರೋರು ಬಹಳ, ಅವರಿಗಾಗಿ ತೆಲುಗಿನಲ್ಲಿ ಧ್ವನಿ ಕೊಡೋರೂ ಬೇಕು. ನಿಮ್ಮ ಮನೆಯ ಹಿರಿಯರು ಅರ್ಧ ಗಂಟೆ ಆ್ಯಪ್ ಬಳಸಿ ನೋಡೋದಾದ್ರೆ ನಾವೇ ಮನೆಗೆ ಬರ್ತೀವಿ. ಎಲ್ಲಿ ತಡವರಿಸ್ತಾರೆ ಅಂತ ಪಕ್ಕದಲ್ಲಿ ಕೂತು ನೋಡಬೇಕು, ಅವರಿಗೆ ಏನೂ ಹೇಳಿಕೊಡದೆ.

ಆಸಕ್ತಿ ಇರೋರು ಇಲ್ಲೇ ಕಾಮೆಂಟ್ ಮಾಡಿ. ದಯವಿಟ್ಟು ಯಾರದೇ ಆಸ್ಪತ್ರೆ ರಿಪೋರ್ಟ್ ಗ್ರೂಪ್‌ಗೆ ಹಾಕಬೇಡಿ.