ಊರ ಬೀದಿಗಳನ್ನೇ ವಾಟರ್ ಕಲರ್‌ನಲ್ಲಿ ಬರೆದವರು ಬದುಕು ನಡೆಸಿದ್ದು ಹೇಗೆ?

ಮಂಡಿಪೇಟೆ ಹುಡುಗ, ತುಮಕೂರು:

ನಮಸ್ಕಾರ ಎಲ್ಲರಿಗೂ. ನಾನು ಇಲ್ಲೇ ಒಂದು ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ರಜೆ ಸಿಕ್ಕಿದರೆ ಬೋರ್ಡು, ಕಲರ್ ಬಾಕ್ಸ್ ಹಿಡಿದುಕೊಂಡು ಮಂಡಿಪೇಟೆಗೋ ಬಿ.ಎಚ್. ರಸ್ತೆಗೋ ಹೋಗಿ ಕೂರುತ್ತೇನೆ. ಮೂಟೆ ಹೊರುವ ಹಮಾಲರು, ಅಂಗಡಿ ಮುಂದಿನ ತಗಡಿನ ನೆರಳು, ಅಡ್ಡಾದಿಡ್ಡಿ ನಿಂತ ಲಗೇಜ್ ಆಟೋಗಳು, ನನಗೆ ಬರೆಯಬೇಕು ಅನ್ನಿಸುವುದೇ ಇವು. ಮನೆಯಲ್ಲಿ ಮಾತ್ರ ಒಂದೇ ಮಾತು: ದೇವರ ಚಿತ್ರ ಬರಿ, ಇಲ್ಲ ಒಳ್ಳೆ ಸೀನರಿ ಬರಿ, ರಸ್ತೆ ಚಿತ್ರ ಯಾರು ತಗೋತಾರೆ?

ಜೀವನವಿಡೀ ಪೇಟೆ, ಬೀದಿ, ಕಟ್ಟಡ ಇವನ್ನೇ ಜಲವರ್ಣದಲ್ಲಿ ಬರೆದವರು ಯಾರಿದ್ದಾರೆ? ಅವರ ಹೊಟ್ಟೆಪಾಡು ಹೇಗೆ ನಡೆಯಿತು? ಗೊತ್ತಿದ್ದವರು ಸ್ವಲ್ಪ ವಿವರವಾಗಿ ಹೇಳಿ.

ಡ್ರಾಯಿಂಗ್ ಮೇಷ್ಟ್ರು, ಕೋಲಾರ:

ತಮ್ಮಾ, ನೀನು ಮೊದಲು ರುಡಾಲ್ಫ್ ಫಾನ್ ಆಲ್ಟ್ ಅವರ ಚಿತ್ರಗಳನ್ನು ನೋಡಬೇಕು. ನಾನು ಮಕ್ಕಳಿಗೆ ತೋರಿಸುವುದೂ ಅವರದ್ದನ್ನೇ. 1812ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದರು, 1905ರಲ್ಲಿ ತೀರಿಕೊಂಡರು. ಅಪ್ಪ ಯಾಕೋಬ್ ಆಲ್ಟ್ ಕೂಡ ಊರು, ನದಿ, ಕಟ್ಟಡಗಳ ನೋಟ ಬರೆದು ಕಲ್ಲಚ್ಚಿನಲ್ಲಿ ಮಾರುತ್ತಿದ್ದವರು. ಮಗ ಆ ಕೆಲಸದೊಳಗೇ ಬೆಳೆದ.

ಹೊಟ್ಟೆಪಾಡಿನ ಮಾತು ಕೇಳಿದೆಯಲ್ಲ. ಆಸ್ಟ್ರಿಯಾದ ಯುವರಾಜ ಫರ್ಡಿನಾಂಡ್, ಆಮೇಲೆ ಚಕ್ರವರ್ತಿ ಆದವನು, ಪೆಟ್ಟಿಗೆಯೊಳಗೆ ಇಟ್ಟು ಕಿಂಡಿಯಿಂದ ನೋಡುವಂಥ ಜಲವರ್ಣದ ನೋಟಗಳನ್ನು ಬರೆಸುತ್ತಿದ್ದ. ಆ ಕೆಲಸ 1830ರ ಹೊತ್ತಿಗೆ ಶುರುವಾಗಿ ಸುಮಾರು ಇಪ್ಪತ್ತು ವರ್ಷ ನಡೆಯಿತು. ಅಪ್ಪ ಮಗ ಇಬ್ಬರೂ ಸಾಮ್ರಾಜ್ಯದ ಊರೂರು ತಿರುಗಿ ಬರೆದುಕೊಟ್ಟರು. ಅದರ ಜೊತೆಗೆ ಸಿರಿವಂತರ ಮನೆಯ ಕೋಣೆಗಳು: ಕುರ್ಚಿ, ಪರದೆ, ಗೋಡೆಯ ಪಟ, ನೆಲದ ಜಮಖಾನ, ಎಲ್ಲವನ್ನೂ ಒಂದೂ ಬಿಡದೆ ಬರೆದುಕೊಡುವ ಆರ್ಡರ್. ಫೋಟೋ ಇನ್ನೂ ಮನೆಮನೆಗೆ ಬಾರದ ಕಾಲ, ಅದಕ್ಕೆ ಬೇಡಿಕೆ ಇತ್ತು. ಹೀಗೆ ಆರ್ಡರ್ ಕೆಲಸದಲ್ಲಿ ಮನೆ ನಡೆಯಿತು, ಕೈಯೂ ಪಳಗಿತು.

ಆದರೆ ನನಗೆ ಮುಖ್ಯ ಅನ್ನಿಸುವುದು ಬೇರೆ. ವಿಯೆನ್ನಾದ ಸೇಂಟ್ ಸ್ಟೀಫನ್ ಚರ್ಚನ್ನು ಅವರು ಇಪ್ಪತ್ತರ ಹರೆಯದಿಂದ ಮುಪ್ಪಿನವರೆಗೆ ಮತ್ತೆ ಮತ್ತೆ ಬರೆದರು. ಮೊದಲಿನ ಚಿತ್ರಗಳಲ್ಲಿ ಒಂದೊಂದು ಕಲ್ಲೂ ಎಣಿಸಬಹುದು. ವಯಸ್ಸಾದ ಮೇಲೆ ಕೈ ನಡುಗತೊಡಗಿತು, ಗೆರೆ ಒಡೆದು ಸಣ್ಣ ಸಣ್ಣ ಚುಕ್ಕಿ ತುಣುಕುಗಳಾಯಿತು, ಆಗ ಚಿತ್ರದೊಳಗೆ ಗಾಳಿ ಬೆಳಕು ಇನ್ನೂ ಜಾಸ್ತಿ ಬಂತು. 1897ರಲ್ಲಿ ಕ್ಲಿಮ್ಟ್ ಮುಂತಾದ ಚಿತ್ರಕಾರರು ಹಳೆಯ ಕಲಾವಿದರ ಸಂಘ ಬಿಟ್ಟು ಸೆಸೆಷನ್ ಅನ್ನುವ ಹೊಸ ಸಂಘ ಕಟ್ಟಿದಾಗ ಗೌರವಾಧ್ಯಕ್ಷರನ್ನಾಗಿ ಕೂರಿಸಿದ್ದು 85ರ ಹೊಸ್ತಿಲಲ್ಲಿದ್ದ ಈ ಮುದುಕರನ್ನು! 1903ರಲ್ಲಿ, ತೊಂಬತ್ತು ದಾಟಿದ ಮೇಲೆ, ತಾವಿದ್ದ ಬೀದಿಯ ಕಬ್ಬಿಣ ಎರಕದ ಕಾರ್ಖಾನೆಯನ್ನು ಬರೆದಿದ್ದಾರೆ. ಅರಮನೆ ಅಲ್ಲ, ಚರ್ಚ್ ಅಲ್ಲ, ಪಕ್ಕದ ಕಾರ್ಖಾನೆ. ಆ ಚಿತ್ರವನ್ನು ನಿಮ್ಮ ಮನೆಯವರಿಗೆ ತೋರಿಸು. ಮಂಡಿಪೇಟೆ ಬಿಡಬೇಡ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ:

ಮೇಷ್ಟ್ರೇ, ತುಂಬ ಚೆನ್ನಾಗಿ ಬರೆದಿದ್ದೀರಿ. ನಮ್ಮ ಪಕ್ಕದ ದೊಡ್ಡಬಳ್ಳಾಪುರದವರನ್ನೂ ನೆನೆಯೋಣ. ರುಮಾಲೆ ಚನ್ನಬಸವಯ್ಯನವರು ಹುಟ್ಟಿದ್ದು 1910ರಲ್ಲಿ. ಚಿತ್ರಕಲೆ ಕಲಿತರು, ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು, ಸೇವಾದಳ, ತಾಯಿನಾಡು ಪತ್ರಿಕೆ ಅಂತ ವರ್ಷಗಳು ಕಳೆದವು. ಐವತ್ತು ದಾಟಿದ ಮೇಲೆ ಮತ್ತೆ ಕುಂಚ ಹಿಡಿದು, 1988ರಲ್ಲಿ ತೀರಿಕೊಳ್ಳುವ ತನಕ ಬೆಂಗಳೂರಿನ ಹೂ ಬಿಟ್ಟ ಮರಗಳನ್ನು, ರಸ್ತೆಗಳನ್ನು, ತೋಟಗಳನ್ನು ಎದುರಿಗೇ ನಿಂತು ಬರೆದರು. ಜಲವರ್ಣವೂ ಉಂಟು, ತೈಲವರ್ಣವೂ ಉಂಟು. ಆ ಬೆಂಗಳೂರು ಈಗ ಎಲ್ಲಿದೆ ಹೇಳಿ? ಅವರ ಚಿತ್ರದಲ್ಲಿದೆ. ನಮ್ಮ ಚಿಕ್ಕಬಳ್ಳಾಪುರದ ಬಜಾರ್ ರಸ್ತೆಯನ್ನು ಯಾರೂ ಹಾಗೆ ಬರೆದಿಟ್ಟಿಲ್ಲವಲ್ಲ ಅಂತ ನನಗೆ ನಿಜವಾಗಿಯೂ ಬೇಜಾರಿದೆ.

ಈಗಿನವರಲ್ಲಿ ಪುಣೆಯ ಮಿಲಿಂದ್ ಮುಳಿಕ್. ಓದಿದ್ದು ಇಂಜಿನಿಯರಿಂಗ್, ಅಪ್ಪ ಪ್ರತಾಪ್ ಮುಳಿಕ್ ಅಮರ ಚಿತ್ರ ಕಥಾಗೆ ಚಿತ್ರ ಬರೆದವರು. ಮಗ ಜಲವರ್ಣವನ್ನೇ ವೃತ್ತಿ ಮಾಡಿಕೊಂಡರು. ಚಿತ್ರ ಮಾರಾಟದ ಜೊತೆ ಕಲಿಸುವುದು, ಪುಸ್ತಕ ಬರೆಯುವುದು. ಡ್ರಾಫ್ಟ್ಸ್‌ಮನ್ ಆದ ನಿಮಗೆ ಪರ್ಸ್‌ಪೆಕ್ಟಿವ್, ಅಂದರೆ ದೂರ ಹತ್ತಿರ ತೋರಿಸುವ ಲೆಕ್ಕ, ಆಗಲೇ ಕೈಯಲ್ಲಿದೆ, ಅದು ದೊಡ್ಡ ಬಂಡವಾಳ. ಕೆಲಸ ಮಾತ್ರ ಈಗಲೇ ಬಿಡಬೇಡಿ.

ಊರ್ಗಾಂ ಮಗಳು, ಕೆಜಿಎಫ್:

ಅಣ್ಣಾ, ನಾನೂ ಬೀದಿಯಲ್ಲಿ ಕೂತು ಬರೆಯುವವಳು, ನಮ್ಮ ಹಳೇ ಮೈನಿಂಗ್ ಲೈನ್ ಮನೆಗಳನ್ನು. ಜಲವರ್ಣದ ಜೋಸೆಫ್ ಜ್ಬುಕ್ವಿಚ್ ಅವರನ್ನು ನೋಡಿ. 1952ರಲ್ಲಿ ಜಾಗ್ರೆಬ್‌ನಲ್ಲಿ ಹುಟ್ಟಿ, 1970ರಲ್ಲಿ ಆಸ್ಟ್ರೇಲಿಯಾಗೆ ಹೋದವರು. ಮೆಲ್ಬರ್ನ್‌ನ ಒದ್ದೆ ರಸ್ತೆ, ಟ್ರಾಮ್, ಮಸುಕು ಬೆಳಕು ಅವರದ್ದು. ಬಣ್ಣ ಎಷ್ಟು ಗಟ್ಟಿ ಇರಬೇಕು ಅನ್ನುವುದನ್ನು ಟೀ, ಕಾಫಿ, ಹಾಲು, ಕೆನೆ, ಬೆಣ್ಣೆ ಅಂತ ಕಲಿಸುತ್ತಾರೆ. ಆಕಾಶಕ್ಕೆ ಟೀಯಷ್ಟು ತೆಳು, ಕೊನೆಯ ಕಪ್ಪು ಚುಕ್ಕೆಗೆ ಬೆಣ್ಣೆ. ಬಣ್ಣ ಎಷ್ಟು ಗಟ್ಟಿ, ಕಾಗದ ಎಷ್ಟು ಒದ್ದೆ, ಎರಡನ್ನೂ ಒಟ್ಟಿಗೆ ನೋಡಬೇಕು. ನಮ್ಮ ಮಾರ್ಚ್ ಬಿಸಿಲಲ್ಲಿ ಕಾಗದ ಕಣ್ಣೆದುರೇ ಒಣಗಿಬಿಡುತ್ತದೆ, ಹಾಗಾಗಿ ಬೆಳಗ್ಗೆ ಬೇಗ ಕೂತುಬಿಡಿ. ಆಗ ನೆರಳೂ ಉದ್ದ ಇರುತ್ತದೆ, ಬೀದಿಗೆ ಆಕಾರ ಬರುತ್ತದೆ. ನಡುಮಧ್ಯಾಹ್ನ ಎಲ್ಲ ಚಪ್ಪಟೆ.

ಹಮಾಲರ ಬಿಳಿ ಬನಿಯನ್‌ಗೆ ಬಿಳಿ ಬಣ್ಣ ಹಚ್ಚಬೇಡಿ, ಕಾಗದವನ್ನೇ ಬಿಟ್ಟುಬಿಡಿ.

ಮಂಡಿಪೇಟೆ ಹುಡುಗ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಕಾರ್ಖಾನೆ ಚಿತ್ರ ಹುಡುಕಿ ನೋಡಿದೆ ಮೇಷ್ಟ್ರೇ, ಅಮ್ಮನಿಗೂ ತೋರಿಸಿದೆ. ಸುಮಾರು ಹೊತ್ತು ನೋಡಿದರು. ಇನ್ನೊಂದು ಪ್ರಶ್ನೆ, ಜಲವರ್ಣ ಬೇಗ ಮಾಸುತ್ತದೆ ಅಂತ ಕೊಳ್ಳುವವರು ಹಿಂಜರಿಯುತ್ತಾರೆ. ಅವರಿಗೆ ಏನು ಹೇಳಲಿ?

ಡ್ರಾಯಿಂಗ್ ಮೇಷ್ಟ್ರು, ಕೋಲಾರ:

ಆಲ್ಟ್ ಅವರ 1830ರ ದಶಕದ ಹಾಳೆಗಳು ಇವತ್ತಿಗೂ ಇವೆ ಅಂತ ಹೇಳು. ನೂರಕ್ಕೆ ನೂರು ಹತ್ತಿಯ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ ತಗೋ. ಬಣ್ಣದ ಟ್ಯೂಬ್ ಮೇಲೆ ಬೆಳಕಿಗೆ ಎಷ್ಟು ತಡೆಯುತ್ತದೆ ಅಂತ ಗುರುತು ಇರುತ್ತದೆ, ನೋಡಿ ಕೊಳ್ಳಬೇಕು. ಹಳೇ ಅಲಿಜರಿನ್ ಕ್ರಿಮ್ಸನ್ ಅನ್ನುವ ಕೆಂಪು ಮಾಸುತ್ತದೆ, ಅದರ ಬದಲು ಕ್ವಿನಾಕ್ರಿಡೋನ್ ಕೆಂಪು ಬಳಸು. ಫ್ರೇಮ್ ಹಾಕಿಸುವಾಗ ಸುತ್ತ ಮೌಂಟ್, ಅಂದರೆ ದಪ್ಪ ರಟ್ಟಿನ ಅಂಚು, ಇಡಿಸು, ಗಾಜು ಚಿತ್ರಕ್ಕೆ ತಾಗಬಾರದು, ತಾಗಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ನೇರ ಬಿಸಿಲು ಬೀಳುವ ಗೋಡೆ ಬೇಡ ಅಂತ ಕೊಂಡವರಿಗೆ ಹೇಳಿಬಿಡು. ಬೆಂಗಳೂರಿನಲ್ಲಿ ಜನವರಿಯಲ್ಲಿ ನಡೆಯುವ ಚಿತ್ರಸಂತೆಗೆ ಅರ್ಜಿ ಹಾಕು, ಕುಮಾರಕೃಪಾ ರಸ್ತೆಯಲ್ಲಿ ಜನ ನಿಂತು ನೋಡುತ್ತಾರೆ. ದೊಡ್ಡ ಚಿತ್ರದ ಜೊತೆ ಸಣ್ಣವೂ ಇರಲಿ, ಜೇಬಿಗೆ ನಿಲುಕುವಂಥವು.